ಮಳೆಗಾಲದಲ್ಲಿ ಊರಲ್ಲೇ ಪ್ರಿಂಟ್ ತೆಗೆಯುವುದು ಹೇಗೆ?

ಕಾರವಾರದಿಂದ ಒಂದು ಪ್ರಶ್ನೆ: ಬೆಂಗಳೂರಿನಲ್ಲಿ ಪ್ರಿಂಟ್‌ಮೇಕಿಂಗ್ (ಕೆತ್ತಿದ ಅಚ್ಚಿಗೆ ಮಸಿ ಹಚ್ಚಿ ಕಾಗದದ ಮೇಲೆ ಚಿತ್ರ ಮೂಡಿಸುವ ಕಲೆ) ಓದುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದೇನೆ, ಜುಲೈ ಪೂರ್ತಿ ಇಲ್ಲೇ. ಕಾಲೇಜಿನಲ್ಲಿ ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೀರು ಕೊರೆಯುವುದು) ಪ್ರೆಸ್ ಇದೆ, ಮನೆಯಲ್ಲಿ ಏನೂ ಇಲ್ಲ. ವಾಪಸ್ ಹೋಗುವಾಗ ಹೊಸ ಪ್ರಿಂಟ್‌ಗಳು ಕೈಯಲ್ಲಿರಬೇಕು. ಈ ಮಳೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ ಬೇರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕುಮಟಾದಿಂದ: ಮೊದಲು ಎಚಿಂಗ್ ಆಸೆ ಬಿಡು ತಂಗಿ. ನೈಟ್ರಿಕ್ ಆಸಿಡ್ ಮನೆಯೊಳಗೆ ತರುವ ವಸ್ತುವಲ್ಲ. ಮಳೆಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿರುತ್ತೇವೆ, ಅದರ ಹೊಗೆ ಎಲ್ಲಿಗೆ ಹೋಗಬೇಕು? ಲಿನೋ (ಕೆತ್ತಲು ಬರುವ ಮೆತ್ತನೆಯ ಲಿನೋಲಿಯಂ ಹಾಳೆ), ಮರ ಇವೆರಡೇ ಸಾಕು. ಎಚಿಂಗ್‌ನಲ್ಲಿ ಮಸಿ ಗೀರಿನ ಒಳಗೆ ಕೂತಿರುತ್ತದೆ, ಅದನ್ನು ಹೊರಗೆಳೆಯಲು ಪ್ರೆಸ್ಸಿನ ಭಾರ ಬೇಕು. ಲಿನೋದಲ್ಲಿ ಮಸಿ ಮೇಲೆಯೇ ಇರುತ್ತದೆ, ಅದರ ಮೇಲೆ ಕಾಗದ ಇಟ್ಟು ಹಿಂಬದಿಯಿಂದ ಕೈಯಲ್ಲಿ ಉಜ್ಜಿದರೆ ಆಯಿತು.

ಸ್ಟೀಲ್ ಚಮಚದ ಬೆನ್ನು ತಗೋ. ಕಾಗದ ತೆಳ್ಳಗಿರಲಿ, ದಪ್ಪ ಕಾಗದಕ್ಕೆ ಉಜ್ಜಿ ಉಜ್ಜಿ ಕೈ ನೋಯುತ್ತದೆಯೇ ಹೊರತು ಕಪ್ಪು ಸರಿಯಾಗಿ ಕೂರುವುದಿಲ್ಲ. ಗಾಜಿನ ಮೇಲೆ ರೋಲರ್ ಆಡಿಸುವಾಗ ಸದ್ದು ಕೇಳಿಸಿಕೋ. ಸಣ್ಣಗೆ ಚಿರ್ ಅಂದರೆ ಸರಿ. ಪಚಪಚ ಅಂದರೆ ಮಸಿ ಜಾಸ್ತಿ, ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಉಜ್ಜುತ್ತಾ ಒಂದು ಕಡೆ ಗಟ್ಟಿಯಾಗಿ ಒತ್ತಿ ಹಿಡಿದು ಇನ್ನೊಂದು ಮೂಲೆ ಎತ್ತಿ ನೋಡು. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಮತ್ತೆ ಉಜ್ಜು. ಪ್ರೆಸ್ಸಿನಲ್ಲಿ ಹೀಗೆ ಇಣುಕಿ ನೋಡಲು ಆಗುತ್ತದಾ?

ಅಂಕೋಲಾದಿಂದ: ಲಿನೋ ಅಂದರೆ ಹೈಸ್ಕೂಲ್ ಮಕ್ಕಳ ಕೆಲಸ ಅಂತ ಕ್ಲಾಸಿನವರು ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಚಿತ್ರಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಕೆತ್ತಿದ್ದು ಲಿನೋದಲ್ಲೇ. ನಮ್ಮ ಅಂಕೋಲಾದ ಉಪ್ಪಿನ ಸತ್ಯಾಗ್ರಹವೂ ಅದೇ ವರ್ಷದ್ದು.

ಒಣಗಿಸುವ ವಿಷಯ ಹೇಳುತ್ತೇನೆ. ಎಣ್ಣೆ ಮಸಿ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಕ್ಸಿಜನ್ ಹೀರಿಕೊಂಡು ಗಟ್ಟಿಯಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟರೆ ಕೆಲಸ ಕೆಟ್ಟಿತು. ಹಗ್ಗ ಕಟ್ಟಿ ಕ್ಲಿಪ್ ಹಾಕಿ ನೇತುಹಾಕಿ, ಫ್ಯಾನ್ ಓಡಲಿ. ನಮ್ಮ ಕಡೆ ಜುಲೈನಲ್ಲಿ ಒಂದು ವಾರ ಆದರೂ ಬೆರಳಿಗೆ ಅಂಟುವುದುಂಟು, ಅವಸರ ಬೇಡ. ಖಾಲಿ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸುತ್ತಿ, ಟ್ರಂಕಿನಲ್ಲಿಡಿ. ಗೋಡೆಗೆ ಮಾತ್ರ ಆನಿಸಬೇಡಿ.

ಸಿರ್ಸಿಯಿಂದ: ಏನು ಕೆತ್ತಬೇಕು ಅಂತ ತೋಚದಿದ್ದರೆ ಬಸ್ ಹತ್ತಿ ಇತ್ತ ಬನ್ನಿ. ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಚಿತ್ರಗಳಿವೆ. ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ, ಅದು ಹಸಿ ಇರುವಾಗಲೇ ಗೀರಿ ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ. ತೆಗೆದದ್ದು ಬಿಳಿ, ಬಿಟ್ಟದ್ದು ಬಣ್ಣ. ನಿಮ್ಮ ಲಿನೋ ಲೆಕ್ಕವೂ ಅದೇ ಅಲ್ವಾ? ಫೋಟೋ ಹೊಡೆದುಕೊಂಡು ಹೋಗಬೇಡಿ, ಸ್ಕೆಚ್‌ಬುಕ್ ತನ್ನಿ.

ಹಾಗೇ ಇಲ್ಲಿ ಗುಡಿಗಾರರು ಇದ್ದಾರೆ, ಗಂಧದ ಕೆತ್ತನೆ ಮಾಡುವವರು. ಉಳಿಗೆ ಸಾಣೆ ಹಿಡಿಯುವುದನ್ನು ಅಂಥವರ ಪಕ್ಕ ಕೂತು ಕಲಿಯಬೇಕು. ಮೊಂಡು ಉಳಿಗೆ ಜಾಸ್ತಿ ಬಲ ಹಾಕುತ್ತೇವೆ, ಜಾರಿದರೆ ಕೈಗೇ ಬರುತ್ತದೆ.

ಹೊನ್ನಾವರದಿಂದ: ನಮ್ಮದು ಲಗ್ನಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕುತ್ತಿದ್ದ ಪ್ರೆಸ್. ಚಮಚದಲ್ಲಿ ಐದಾರು ಪ್ರತಿ ತೆಗೆಯಬಹುದು, ಐವತ್ತು ಬೇಕೆಂದರೆ ಹಳೇ ಟ್ರೆಡಲ್ ಮಷಿನ್ (ಕಾಲಿನಲ್ಲಿ ತುಳಿದು ಓಡಿಸುವ ಅಚ್ಚಿನ ಯಂತ್ರ) ಹುಡುಕಿ. ಹೆಚ್ಚಿನವು ಗುಜರಿಗೆ ಹೋದವು, ಆದರೂ ನಂಬರ್ ಹೊಡೆಯಲು, ಕ್ರೀಸಿಂಗ್ (ಮಡಚುವ ಗೆರೆ) ಹಾಕಲು ಕೆಲವರು ಇಟ್ಟುಕೊಂಡಿದ್ದಾರೆ. ಟ್ರೆಡಲ್‌ಗೆ ಅಚ್ಚುಮೊಳೆಯ (ಅಕ್ಷರದ ಲೋಹದ ತುಂಡಿನ) ಎತ್ತರ ಮುಖ್ಯ, ಸುಮಾರು 23.3 ಮಿಲಿಮೀಟರ್. ಲಿನೋವನ್ನು ಮರಕ್ಕೆ ಅಂಟಿಸಿ ಆ ಎತ್ತರಕ್ಕೆ ತಂದರೆ ಅಕ್ಷರದ ಜೊತೆಗೇ ಚಿತ್ರವೂ ಅಚ್ಚಾಗುತ್ತದೆ.

ಕಾರವಾರದಿಂದ: ಎಲ್ಲರಿಗೂ ಥ್ಯಾಂಕ್ಸ್. ಹೊನ್ನಾವರದವರೇ, ಎತ್ತರ ಸ್ವಲ್ಪ ಆಚೀಚೆ ಆದರೆ? ಮರ ಯಾವುದು?

ಹೊನ್ನಾವರದಿಂದ: ಕಡಿಮೆಯಾದರೆ ಚಿಂತೆಯಿಲ್ಲ, ಮರದ ಕೆಳಗೆ ಕಾಗದ ಕೊಟ್ಟು ಏರಿಸಬಹುದು. ಜಾಸ್ತಿಯಾದರೆ ಮಾಲೀಕರು ಮಷಿನ್ ಮುಟ್ಟಲು ಬಿಡುವುದಿಲ್ಲ. ನಿಮ್ಮ ಲಿನೋ 3.2 ಮಿಲಿಮೀಟರ್ ಇದ್ದರೆ ಬಡಗಿ ಹತ್ತಿರ 20 ಮಿಲಿಮೀಟರಿಗೆ ರಂದಾ ಹೊಡೆಸಿ. ಸಾಗವಾನಿ ತುಂಡು ಸಿಕ್ಕರೆ ಒಳ್ಳೆಯದು, ಯಾವುದಾದರೂ ಹಳೇ ಕಿಟಕಿಯದ್ದಾದರೂ ಸರಿ. ಹಸಿ ಮರ ಮಾತ್ರ ಬೇಡ, ಡೊಂಕಾಗುತ್ತದೆ.