ಕ್ರೋಶಾ ಕಲಿಯುತ್ತಿದ್ದೇನೆ, ಚೌಕ ಹಾಕಿದರೆ ತ್ರಿಕೋನ ಆಗುತ್ತಿದೆ. ದಾರಿ ಹೇಳಿ

ಬೆಣ್ಣೆನಗರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಬಿ.ಕಾಂ. ಮುಗಿದ ಮೇಲೆ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಾ ಇದ್ದೇನೆ. ಎಫ್‌ಡಿಎ, ಎಸ್‌ಡಿಎ ಎರಡೂ ಸ್ವಲ್ಪದರಲ್ಲೇ ಕೈತಪ್ಪಿದವು. ಈಗ ಹೇಗಾಗಿದೆ ಅಂದರೆ ಪುಸ್ತಕ ತೆಗೆದರೂ ಮನಸ್ಸು ನಿಲ್ಲುವುದಿಲ್ಲ, ನಾಲ್ಕು ಜನ ಇರುವ ಕಡೆ ಹೋಗಲು ಮನಸ್ಸಿಲ್ಲ, ನಾನು ಕೈ ಹಾಕಿದ್ದು ಯಾವುದೂ ಮುಗಿಯುವುದೇ ಇಲ್ಲ ಅನ್ನಿಸಿಬಿಟ್ಟಿದೆ. ಕೈಗೆ ಏನಾದರೂ ಕೆಲಸ ಕೊಟ್ಟರೆ ಧೈರ್ಯ ಬರುತ್ತದೆ ಅಂತ ಗೆಳತಿ ಒಬ್ಬಳು ಕ್ರೋಶಾ ಕಡ್ಡಿ, ಒಂದು ಉಂಡೆ ಉಲ್ಲನ್ ತಂದುಕೊಟ್ಟಳು. ಅಕ್ಕ ಬಸುರಿ, ಹುಟ್ಟುವ ಮಗುವಿಗೆ ಒಂದು ಕುಲಾವಿ ಹಾಕಿಕೊಡಬೇಕು ಅಂತ ಆಸೆ.

ಆದರೆ ವಿಡಿಯೋ ನೋಡಿ ಚೌಕ ಹಾಕಲು ಹೋದರೆ ಸಾಲು ಸಾಲಿಗೂ ಅಗಲ ಕಡಿಮೆಯಾಗುತ್ತಾ ಹೋಗಿ ಕೊನೆಗೆ ತ್ರಿಕೋನ ಆಗುತ್ತಿದೆ. ಉಲ್ಲನ್ ಬೇರೆ ಕಪ್ಪು, ಏನೂ ಸರಿಯಾಗಿ ಕಾಣುವುದಿಲ್ಲ. ಮನೆಯಲ್ಲಿ "ಅಂಗಡೀಲಿ ಐವತ್ತು ರೂಪಾಯಿಗೆ ಟೋಪಿ ಸಿಗುತ್ತೆ, ಸುಮ್ನೆ ಯಾಕೆ ಟೈಮ್ ಹಾಳು ಮಾಡ್ತೀಯಾ" ಅಂತಾರೆ. ನನ್ನ ಪ್ರಶ್ನೆ ಮೂರು. ಈ ತ್ರಿಕೋನ ಯಾಕೆ ಆಗುತ್ತದೆ? ಕ್ರೋಶಾ ಬಿಟ್ಟು ಎರಡು ಕಡ್ಡಿಯ ಹೆಣಿಗೆಯಿಂದ ಶುರು ಮಾಡಿದರೆ ಸುಲಭವಾ? ಇದರಿಂದ ಆತ್ಮವಿಶ್ವಾಸ ಬರುತ್ತದೆ ಅನ್ನುವುದು ನಿಜವಾ, ಇಲ್ಲ ಸಮಾಧಾನಕ್ಕೆ ಹೇಳುವ ಮಾತಾ?

ಧಾರವಾಡದ ಟೀಚರ್:

ತಂಗಿ, ತ್ರಿಕೋನ ಆಗುವುದು ಕಲಿಯುವವರಿಗೆಲ್ಲ ಆಗುವಂಥದ್ದೇ. ಶಾಲೆಯಲ್ಲಿ ಮಕ್ಕಳಿಗೆ ಕ್ರಾಫ್ಟ್ ಹೇಳಿಕೊಟ್ಟವಳು ನಾನು, ಮೊದಲ ಚೌಕ ನೆಟ್ಟಗೆ ಬಂದವರು ತೀರಾ ಕಡಿಮೆ. ಕಾರಣ ಒಂದೇ, ಪ್ರತಿ ಸಾಲಿನ ಕೊನೆಯ ಕುಣಿಕೆ ತಪ್ಪಿಹೋಗುತ್ತಿದೆ.

ನೀನು ಡಬಲ್ ಕ್ರೋಶಾ, ಅಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಎತ್ತರದ ಕುಣಿಕೆ, ಹಾಕುತ್ತಿರಬೇಕು ಅಲ್ವಾ? ಅದರಲ್ಲಿ ಸಾಲು ತಿರುಗಿಸಿದಾಗ ಮೂರು ಚೈನ್, ಅಂದರೆ ಒಂದರೊಳಗಿಂದ ಒಂದು ಎಳೆದ ಸರಪಳಿ ಕುಣಿಕೆ, ಹಾಕುತ್ತೀವಿ. ಆ ಮೂರು ಚೈನ್ ಸೇರಿಯೇ ಒಂದು ಕುಣಿಕೆ ಅಂತ ಲೆಕ್ಕ. ಮುಂದಿನ ಸಾಲಿನಲ್ಲಿ ಆ ತುದಿಗೆ ಬಂದಾಗ ಆ ಚೈನಿನ ತಲೆಯ ಮೇಲೂ ಒಂದು ಹಾಕಬೇಕು. ಅದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಕುಣಿಕೆ ಅಂತ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಬಿಟ್ಟು ತಿರುಗಿಸಿದರೆ ಸಾಲಿಗೊಂದು ಹೋಯಿತು. ಇಪ್ಪತ್ತರಲ್ಲಿ ಶುರು ಮಾಡಿದ್ದು ಹತ್ತು ಸಾಲಿಗೆ ಹತ್ತಕ್ಕೆ ಬಂದು ನಿಲ್ಲುತ್ತದೆ.

ಮನೆಯಲ್ಲಿರುವ ಸೇಫ್ಟಿ ಪಿನ್ ಎರಡು ತಗೋ. ಸಾಲಿನ ಮೊದಲ ಕುಣಿಕೆಗೆ ಒಂದು, ಕೊನೆಯದಕ್ಕೆ ಒಂದು ಸಿಕ್ಕಿಸು. ವಾಪಸ್ ಬರುವಾಗ ಪಿನ್ ಇರುವ ಜಾಗದಲ್ಲಿ ಹಾಕಿದ ಮೇಲೆಯೇ ತಿರುಗಿಸು. ಪ್ರತಿ ಸಾಲೂ ಎಣಿಸು. ಮೇಲಿನಿಂದ ನೋಡಿದರೆ ಅಂಚು ಜಡೆ ಹೆಣೆದ ಹಾಗೆ ಕಾಣುತ್ತದೆ, ಜಡೆಯ ಒಂದೊಂದು ಎಳೆ ಒಂದೊಂದು ಕುಣಿಕೆ. ಅದು ಕಣ್ಣಿಗೆ ಹಿಡಿಯಿತು ಅಂದರೆ ಅರ್ಧ ಕಲಿತ ಹಾಗೆ.

ಮೊದಲು ಆ ಕಪ್ಪು ಉಲ್ಲನ್ ಎತ್ತಿಡು. ತಿಳಿ ಹಳದಿ, ತಿಳಿ ನೀಲಿ, ಗುಲಾಬಿ, ಯಾವುದಾದರೂ ಸರಿ, ನುಣ್ಣಗಿರಲಿ, ಜುಂಜು ಇರುವುದು ಬೇಡ. ಮಧ್ಯಮ ದಪ್ಪದ ದಾರ, 4 ಮಿ.ಮೀ. ಕಡ್ಡಿ. ಮೊದಲ ಚೈನ್ ಬಿಗಿಯಾಗಿ ಕಡ್ಡಿ ಒಳಗೆ ಹೋಗದಿದ್ದರೆ ಚೈನಿಗೆ ಮಾತ್ರ 5 ಮಿ.ಮೀ. ಕಡ್ಡಿ ಹಿಡಿ, ಆಮೇಲೆ 4ಕ್ಕೆ ಬಾ. ಕೈ ಬಿಗಿ ಇರುವುದು ಹೆದರಿಕೆಯಿಂದ, ದಿನ ಕಳೆದ ಹಾಗೆ ತಾನಾಗೇ ಸಡಿಲ ಆಗುತ್ತದೆ.

ಎರಡು ಕಡ್ಡಿಯದಾ ಒಂದು ಕಡ್ಡಿಯದಾ ಅಂದರೆ, ನಿನ್ನ ಈಗಿನ ಮನಸ್ಥಿತಿಗೆ ಕ್ರೋಶಾನೇ ಇರಲಿ. ಇದರಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಜಾರಿದರೂ ಮತ್ತೆ ಹಿಡಿಯಬಹುದು. ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆ ಕಡ್ಡಿಯ ಮೇಲೆಯೇ ಇರುತ್ತವೆ, ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೆ ಏಣಿಯ ಹಾಗೆ ಬಿಚ್ಚಿಕೊಂಡು ಹೋಗುತ್ತದೆ. ಸ್ವೆಟರ್‌ಗೆ ಹೆಣಿಗೆಯೇ ಚೆಂದ, ಮೆತ್ತಗಿರುತ್ತದೆ, ಎಳೆದರೆ ಹಿಗ್ಗುತ್ತದೆ. ಅದನ್ನು ಆಮೇಲೆ ಕಲಿ, ಸೀದಾ ಉಲ್ಟಾ ಅಂತ ಎರಡೇ ಬಗೆಯ ಕುಣಿಕೆ ಇರುವುದು.

ರಾತ್ರಿಪಾಳಿ:

ಟೀಚರಮ್ಮ ಮೊದಲೆರಡು ಪ್ರಶ್ನೆಗೆ ಹೇಳಿದ್ದಾರೆ, ನಾನು ಮೂರನೆಯದಕ್ಕೆ ಬರುತ್ತೇನೆ. ನಾನು ಗಂಡಸು, ಬೆಂಗಳೂರಿನಲ್ಲಿ ರಾತ್ರಿಪಾಳಿ ಕೆಲಸ, ಎರಡು ಕಡ್ಡಿಯ ಹೆಣಿಗೆ ಹಾಕುತ್ತೇನೆ. ಬಸ್ಸಿನಲ್ಲಿ ಕೂತು ಹಾಕುವಾಗ ಜನ ನೋಡುತ್ತಾರೆ, ನೋಡಲಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಗ್ಯಾಲರಿಯಲ್ಲಿ ಕೂತು ಹೆಣೆಯುತ್ತಿದ್ದುದನ್ನು ಜಗತ್ತೇ ನೋಡಿತು, ಗೆದ್ದ ಚಿನ್ನದ ಪದಕಕ್ಕೆ ತಾನೇ ಒಂದು ಚೀಲ ಹಾಕಿಕೊಂಡಿದ್ದ. ಅದನ್ನು ನೋಡಿದ ಮೇಲೆಯೇ ನಾನು ಕಡ್ಡಿ ಹಿಡಿದಿದ್ದು.

ಆತ್ಮವಿಶ್ವಾಸ ಬರುತ್ತದಾ? ಬರುತ್ತದೆ, ಆದರೆ ಜನ ಹೇಳುವ ಹಾಗೆ ತಟ್ಟನೆ ಅಲ್ಲ. ನೀವು ಓದುವ ಪರೀಕ್ಷೆ ಇದೆಯಲ್ಲ, ವರ್ಷಗಟ್ಟಲೆ ಓದಿ, ಬರೆದು, ಕೀ ಉತ್ತರ ಬಂದು, ಅದಕ್ಕೊಂದು ತಕರಾರು ಎದ್ದು, ಪಟ್ಟಿ ಬರುವ ಹೊತ್ತಿಗೆ ನಾವು ಮಾಡಿದ ಕೆಲಸಕ್ಕೂ ಸಿಕ್ಕ ಫಲಕ್ಕೂ ಏನು ಸಂಬಂಧ ಅಂತಲೇ ಮರೆತುಹೋಗಿರುತ್ತದೆ. ಇಲ್ಲಿ ಹಾಗಲ್ಲ. ಕೈ ಆಡಿಸಿದಷ್ಟು ಬಟ್ಟೆ ಬೆಳೆಯುತ್ತದೆ, ಕಣ್ಣೆದುರೇ ಇರುತ್ತದೆ. ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಹುದು. ತಪ್ಪಿದ್ದನ್ನು ಬಿಚ್ಚಿದರೆ ದಾರ ದಾರವಾಗಿಯೇ ಉಳಿಯುತ್ತದೆ, ನಷ್ಟ ಇಲ್ಲ. ಈ ಒಂದು ಗುಣ ನನಗೆ ಬಹಳ ದೊಡ್ಡದು. ನನ್ನ ಉಳಿದ ಬದುಕಿನಲ್ಲಿ ಬಿಚ್ಚಿ ಮತ್ತೆ ಹಾಕಬಹುದಾದ್ದು ಬೇರೇನೂ ಇರಲಿಲ್ಲ. ಬಿಚ್ಚಿದ ದಾರ ಸುರುಳಿ ಸುರುಳಿ ಆಗಿದ್ದರೆ ಲಡಿ ಮಾಡಿ ತಣ್ಣೀರಿನಲ್ಲಿ ಅದ್ದಿ ನೇತುಹಾಕಿ, ಬಹುಮಟ್ಟಿಗೆ ನೆಟ್ಟಗಾಗುತ್ತದೆ.

2013ರಲ್ಲಿ ಬ್ರಿಟನ್ನಿನ ಒಂದು ಆಕ್ಯುಪೇಶನಲ್ ಥೆರಪಿ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. ಬೇರೆ ಬೇರೆ ದೇಶಗಳ 3,500ಕ್ಕೂ ಜಾಸ್ತಿ ಹೆಣೆಯುವವರನ್ನು ಆನ್‌ಲೈನ್‌ನಲ್ಲಿ ಕೇಳಿದ್ದರು. ಜಾಸ್ತಿ ಹೆಣೆಯುವವರು ಮನಸ್ಸು ಹಗುರ, ಶಾಂತ ಅಂತ ಜಾಸ್ತಿ ಹೇಳಿದರು. ಆದರೆ ಕೇಳಿದ್ದು ಹೆಣೆಯುವವರನ್ನೇ, ಹೇಳಿದ್ದು ಅವರವರ ಅನುಭವ, ಆದ್ದರಿಂದ ಅದನ್ನು ಔಷಧಿ ಅಂತ ತಿಳಿಯಬೇಡಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ದುಡ್ಡಿಲ್ಲ ಅಂತ ಹಿಂಜರಿಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ಎರಡನ್ನೂ ಮಾಡಿದೆ, ಡಾಕ್ಟರ ಹತ್ತಿರವೂ ಹೋದೆ, ಹೆಣಿಗೆಯನ್ನೂ ಹಾಕಿದೆ.

ಧಾರವಾಡದ ಟೀಚರ್:

ತಮ್ಮ ಹೇಳಿದ್ದು ಒಪ್ಪಿದೆ, ಆದರೆ ಬಿಚ್ಚುವ ವಿಷಯದಲ್ಲಿ ನನ್ನದು ಬೇರೆ ಮಾತು. ಕೈ ಹಾಕಿದ್ದು ಮುಗಿಯುವುದಿಲ್ಲ ಅಂತ ಈ ಹುಡುಗಿ ಬರೆದಿದ್ದಾಳೆ. ಅಂಥವರು ಬಿಚ್ಚುತ್ತಾ ಕೂತರೆ ಅಲ್ಲೇ ಇರುತ್ತಾರೆ. ತಂಗಿ, ಮೊದಲ ಚೌಕ ಸೊಟ್ಟಗಿದ್ದರೂ ಕೊನೆಯ ಸಾಲಿನವರೆಗೆ ಹಾಕು, ದಾರ ಕತ್ತರಿಸಿ ತುದಿಯನ್ನು ಸೂಜಿಯಿಂದ ಒಳಗೆ ಸೇರಿಸಿ ಮುಗಿಸು. ಬಿಸಿ ಪಾತ್ರೆ ಹಿಡಿಯಲು ಸೊಟ್ಟ ಚೌಕವೂ ಬರುತ್ತದೆ, ಆದರೆ ಅದಕ್ಕೆ ಹತ್ತಿ ದಾರವೇ ಆಗಬೇಕು, ಅಕ್ರಿಲಿಕ್ ಬಿಸಿಗೆ ಕರಗುತ್ತದೆ. ಒಂದು ಮುಗಿದ ಮೇಲೆ ಎರಡನೆಯದರಲ್ಲಿ ಬೇಕಾದಷ್ಟು ಬಿಚ್ಚು.

ಲೀಡ್ಸ್ ಕನ್ನಡತಿ:

ಒಂದು ಸಣ್ಣ ವಿಷಯ, ಆದರೆ ಇದರಿಂದ ಬಹಳ ಜನ ಸೋತು ಬಿಡುತ್ತಾರೆ. ಅಮೆರಿಕದ ವಿಡಿಯೋದಲ್ಲಿ ಸಿಂಗಲ್ ಕ್ರೋಶಾ (ಕಡ್ಡಿಗೆ ಮೊದಲೇ ದಾರ ಸುತ್ತಿಕೊಳ್ಳದೆ ಹಾಕುವ ಗಿಡ್ಡ ಕುಣಿಕೆ) ಅನ್ನುವುದನ್ನೇ ಬ್ರಿಟನ್ನಿನ ಪ್ಯಾಟರ್ನ್‌ನಲ್ಲಿ ಡಬಲ್ ಕ್ರೋಶಾ ಅಂತಾರೆ. ಅಮೆರಿಕದ ಡಬಲ್ ಇಲ್ಲಿ ಟ್ರೆಬಲ್. ಒಂದನ್ನು ನೋಡಿ ಕಲಿತು ಇನ್ನೊಂದನ್ನು ಓದಿ ಹಾಕಿದರೆ ಅಳತೆ ಪೂರ್ತಿ ಕೆಡುತ್ತದೆ, ನಮಗೇ ಬರುವುದಿಲ್ಲ ಅನ್ನಿಸುತ್ತದೆ. ಯಾವ ದೇಶದ್ದು ಅಂತ ಮೊದಲು ನೋಡಿ. ಎಡಗೈಯವರಾಗಿದ್ದರೆ ವಿಡಿಯೋವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಂಡು ನೋಡಿ.

ಇನ್ನೊಂದು, ಒಬ್ಬರೇ ಕೂರಬೇಡಿ. ಇಲ್ಲಿ ಲೈಬ್ರರಿಗಳಲ್ಲಿ ವಾರಕ್ಕೊಮ್ಮೆ ಹೆಣಿಗೆ ಹಿಡಿದು ಕೂತು ಮಾತಾಡುವ ಗುಂಪುಗಳಿರುತ್ತವೆ. ನಾನು ಇಂಗ್ಲಿಷ್ ಮಾತಾಡಲು ಹೆದರುತ್ತಿದ್ದವಳು, ಅಲ್ಲಿ ಕೈ ಕೆಲಸ ಮಾಡುತ್ತಿರುವುದರಿಂದ ಎದುರಿನವರ ಮುಖ ನೋಡುತ್ತಲೇ ಇರಬೇಕಾಗಿಲ್ಲ, ಮಾತು ನಿಂತರೂ ಮುಜುಗರ ಇಲ್ಲ, ಹಾಗಾಗಿ ಮೆಲ್ಲಗೆ ಬಾಯಿ ಬಿಟ್ಟೆ. ನಾಲ್ಕು ಜನರ ಕಡೆ ಹೋಗಲು ಮನಸ್ಸಿಲ್ಲ ಅಂದಿರಲ್ಲ, ನಿಮ್ಮ ಬೀದಿಯಲ್ಲಿ ಬಾಗಿಲಿಗೆ ಉಲ್ಲನ್ ತೋರಣ ಹಾಕಿರುವ ಮನೆ ಒಂದಾದರೂ ಇದ್ದೇ ಇರುತ್ತದೆ. ಆ ಮನೆಯ ಅಜ್ಜಿಯನ್ನು ಮಾತಾಡಿಸಿ.

ಸಂತೆ ಮಳಿಗೆ, ಮೈಸೂರು:

ನಾನು ಕ್ರೋಶಾ ಹಾಕಿ ಮಾರುವವಳು. ಒಂದು ಎಚ್ಚರಿಕೆ ಹೇಳಲೇಬೇಕು. ನಾಲ್ಕು ಚೆನ್ನಾಗಿ ಬಂದ ಕೂಡಲೇ "ಮಾರು, ದುಡ್ಡು ಮಾಡು" ಅನ್ನುವವರು ಬರುತ್ತಾರೆ. ಈಗಲೇ ಹೋಗಬೇಡಿ. ಗಿರಾಕಿ ಕುಲಾವಿಯನ್ನು ತಿರುಗಿಸಿ ನೋಡಿ, ಮೆಷಿನ್ ಟೋಪಿಯ ಬೆಲೆ ಹೇಳಿ ಇಟ್ಟು ಹೋದರೆ ಆಗತಾನೇ ಚಿಗುರಿದ ಧೈರ್ಯ ಕುಸಿಯುತ್ತದೆ. ಒಂದು ಬುಟೀಕಿಗೆ ನಾನು ಕೊಟ್ಟ ಮಾಲಿನ ಹಣಕ್ಕೆ ತಿಂಗಳುಗಟ್ಟಲೆ ಅಲೆದೆ, ಆಗ ಕಡ್ಡಿ ಮುಟ್ಟಲೂ ಬೇಸರ ಬಂದಿತ್ತು.

ಮನೆಯವರಿಗೆ ಹೇಳಿ, ಅಂಗಡಿಯ ಐವತ್ತು ರೂಪಾಯಿ ಟೋಪಿ ಬಹುತೇಕ ಮೆಷಿನ್ ಹೆಣಿಗೆ. ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಆಂಧ್ರದ ನರಸಾಪುರದ ಕಡೆ ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ಹಾಕುವ ಕ್ರೋಶಾ ಲೇಸಿಗೆ 2024ರಲ್ಲಿ ಜಿಐ ಮಾನ್ಯತೆ, ಅಂದರೆ ಅದು ಆ ಊರಿನದೇ ವಿಶೇಷ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. 2016ರಲ್ಲಿ ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನುವ ಗುಂಪು ಹಾಕಿದ ಕಂಬಳಿ 11,000 ಚದರ ಮೀಟರಿಗೂ ದೊಡ್ಡದು, ಗಿನ್ನೆಸ್ ದಾಖಲೆ. ಅದು ಒಬ್ಬರ ಕೈಯಿಂದ ಆದದ್ದಲ್ಲ, ಎಷ್ಟೋ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಹಾಕಿದ ತುಂಡುಗಳನ್ನು ಸೇರಿಸಿದ್ದು. ಟೈಮ್ ಹಾಳು ಅನ್ನುವವರಿಗೆ ಇದನ್ನು ತೋರಿಸಿ.

ಬೆಣ್ಣೆನಗರಿ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡಿಪೇಟೆಯಲ್ಲಿ ತಿಳಿ ಹಸಿರು ದಾರ ತಂದೆ. ಟೀಚರ್ ಹೇಳಿದ ಹಾಗೆ ಪಿನ್ ಸಿಕ್ಕಿಸಿ ಹಾಕಿದೆ, ಚೌಕ ಚೌಕವಾಗಿಯೇ ಬಂತು! ಮೊದಲ ಸಾಲಿನಲ್ಲೂ ಇಪ್ಪತ್ತು, ಕೊನೆಯ ಸಾಲಿನಲ್ಲೂ ಇಪ್ಪತ್ತು. ಅಮ್ಮ ಏನೂ ಹೇಳಲಿಲ್ಲ, ಆದರೆ ಪಕ್ಕದ ಮನೆ ಆಂಟಿ ಬಂದಾಗ ತಾವೇ ತೆಗೆದು ತೋರಿಸಿದರು. ಓದಲು ಕೂರುವ ಮುಂಚೆ ನಾಲ್ಕು ಸಾಲು ಹಾಕುತ್ತೇನೆ, ಆಮೇಲೆ ಪುಸ್ತಕ ಹಿಡಿದರೆ ಮೊದಲಿನಷ್ಟು ಚಡಪಡಿಕೆ ಇಲ್ಲ.

ಈಗ ಕುಲಾವಿ ಶುರು ಮಾಡಿದ್ದೇನೆ. ದುಂಡಗೆ ಹಾಕುವಾಗ ಅಂಚು ಅಲೆ ಅಲೆಯಾಗಿ ಏಳುತ್ತಿದೆ. ಪ್ರತಿ ಕುಣಿಕೆಯಲ್ಲೂ ಎರಡೆರಡು ಹಾಕುತ್ತಾ ಹೋಗುತ್ತಿದ್ದೇನೆ. ಎಷ್ಟು ದೊಡ್ಡದಾದ ಮೇಲೆ ನಿಲ್ಲಿಸಬೇಕು ಅಂತಲೂ ತಿಳಿಯುತ್ತಿಲ್ಲ.

ಧಾರವಾಡದ ಟೀಚರ್:

ಭೇಷ್ ತಂಗಿ, ಬಹಳ ಸಂತೋಷ ಆಯಿತು.

ಅಲೆ ಏಳುತ್ತಿದೆ ಅಂದರೆ ಕುಣಿಕೆ ಜಾಸ್ತಿಯಾಗಿದೆ. ಬಟ್ಟಲಿನ ಹಾಗೆ ಮಡಚಿಕೊಂಡರೆ ಕಡಿಮೆ ಅಂತ ಅರ್ಥ. ಸಿಂಗಲ್ ಕ್ರೋಶಾದಲ್ಲಿ ಮೊದಲ ಸುತ್ತಿಗೆ 6 ಹಾಕು. ಎರಡನೆಯ ಸುತ್ತಿನಲ್ಲಿ ಮಾತ್ರ ಪ್ರತಿಯೊಂದರಲ್ಲೂ ಎರಡು, 12 ಆಯಿತು. ಮೂರನೆಯದರಲ್ಲಿ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು, 18. ನಾಲ್ಕನೆಯದರಲ್ಲಿ ಎರಡು ಕುಣಿಕೆಗೆ ಒಂದೊಂದು, ಮೂರನೆಯದರಲ್ಲಿ ಎರಡು, 24. ಹೀಗೆ ಸುತ್ತಿಗೆ ಆರೇ ಆರು ಜಾಸ್ತಿ ಆಗಬೇಕು. ಆಗ ಚಪಾತಿ ಹಾಕಿದಷ್ಟು ಸಮ ಇರುತ್ತದೆ.

ನಿಲ್ಲಿಸುವುದಕ್ಕೆ ಲೆಕ್ಕ ಇದೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಕುಲಾವಿ ಸ್ವಲ್ಪ ಹಿಗ್ಗುತ್ತದೆ, ಅದಕ್ಕೆ 33 ಅಂತ ಹಿಡಿ. 3.14ರಿಂದ ಭಾಗಿಸಿದರೆ 10.5 ಬರುತ್ತದೆ. ದುಂಡು ಅಡ್ಡಕ್ಕೆ ಹತ್ತೂವರೆ ಸೆಂ.ಮೀ. ಆದ ಕೂಡಲೇ ಜಾಸ್ತಿ ಮಾಡುವುದು ನಿಲ್ಲಿಸಿ ಒಂದಕ್ಕೆ ಒಂದರಂತೆ ಹಾಕು, ಅಂಚು ತಾನಾಗೇ ಕೆಳಗಿಳಿಯುತ್ತದೆ. ಬಿ.ಕಾಂ. ಓದಿದವಳು, ಈ ಲೆಕ್ಕ ನಿನಗೆ ಕಷ್ಟ ಏನಲ್ಲ.

ಮಕ್ಕಳ ವಾರ್ಡ್ ನರ್ಸ್:

ದಾವಣಗೆರೆಯ ಸೆಖೆಗೆ ಉಲ್ಲನ್ ಬೇಡಮ್ಮ, ಮೆತ್ತನೆಯ ಹತ್ತಿ ದಾರದಲ್ಲಿ ಹಾಕಿ. ಗುಂಡಿ, ಮಣಿ, ಉದ್ದ ದಾರದ ಕಟ್ಟು ಯಾವುದೂ ಬೇಡ, ಮಗುವಿನ ಬಾಯಿಗೆ, ಕತ್ತಿಗೆ ಅಪಾಯ. ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆದುಬಿಡಲು ಅಕ್ಕನಿಗೆ ಹೇಳಿ, ಪುಟ್ಟ ಮಕ್ಕಳು ಮೈಯ ಬಿಸಿಯನ್ನು ತಲೆಯಿಂದಲೂ ಬಿಡುತ್ತಾರೆ, ಮುಚ್ಚಿಟ್ಟರೆ ಸೆಖೆ ಜಾಸ್ತಿಯಾಗುತ್ತದೆ. ಕೊಡುವ ಮುಂಚೆ ಒಮ್ಮೆ ಒಗೆದು ಒಣಗಿಸಿ. ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ಟೀಚರ್ ಹೇಳಿದ ಅಳತೆಗಿಂತ ಒಂದು ಸುತ್ತು ದೊಡ್ಡದೇ ಇರಲಿ. ಹೆರಿಗೆ ಮಳೆಗಾಲದಲ್ಲಿ ಅಂದರೆ ಎರಡು ಹಾಕಿಡಿ, ಒಂದು ಒಣಗುವವರೆಗೆ ಇನ್ನೊಂದು ಬೇಕಾಗುತ್ತದೆ.