ಸ್ಟಿಕ್ ಅಂಟಂಟು ಆಗ್ಯಾದ, ಟಿಪ್ ಜಾರ್ತದ: ಪಾಲಿಶ್ ಪೇಪರ್ ತಿಕ್ಕಲೋ ಬ್ಯಾಡೋ?

ಪ್ರಶ್ನೆ, ಕಲಬುರಗಿಯಿಂದ
ನನ್ನ ಹತ್ರ ಎರಡು ಸ್ಟಿಕ್ ಅವರಿ. ಒಂದು ಸ್ನೂಕರ್‌ದು, ಆಶ್ ಕಟಗಿ, ಹಿತ್ತಾಳಿ ಫೆರೂಲ್ (ತುದಿಯ ಚರ್ಮದ ಟಿಪ್ ಕೆಳಗಿನ ಬಳಿ). ಇನ್ನೊಂದು ಪೂಲ್‌ದು, ಮೇಪಲ್, ನಡುವ ಬಿಚ್ಚೋದು. ಎರಡೂ ಮುಂದಿನ ಒಂದು ಗೇಣು ನೀಲಿ-ಕಪ್ಪ ಆಗ್ಯಾವ, ಹೊಡಿಯುವಾಗ ಬೆರಳಿಗೆ ಹಿಡೀತಾವ. ಪಾರ್ಲರ್‌ದಾಗ ಒಬ್ಬರು ಪಾಲಿಶ್ ಪೇಪರ್ ತಿಕ್ಕು ಅಂತಾರ, ಒಬ್ಬರು ಕೊಬ್ಬರಿ ಎಣ್ಣಿ ಅಂತಾರ, ಇನ್ನೊಬ್ಬರು ಪೌಡರ್ ಡಬ್ಬಿನೇ ಕೈಗೆ ಕೊಡ್ತಾರ. ಪೂಲ್ ಸ್ಟಿಕ್‌ಗೆ ಎಷ್ಟು ಚಾಕ್ ಹಚ್ಚಿದರೂ ಮಿಸ್‌ಕ್ಯೂ ಆಗ್ತದ (ಟಿಪ್ ಬಾಲ್ ಮ್ಯಾಲಿಂದ ಜಾರ್ತದ). ಮ್ಯಾಲೆ ಈ ಬ್ಯಾಸಗಿ. ಯಾವುದು ಮೊದಲು ಮಾಡಬೇಕು, ಯಾವುದು ಮಾಡಲೇಬಾರದು ಹೇಳ್ರಿ.

ಉತ್ತರ, ಕಲಬುರಗಿ (ಎರಡೂ ಆಟ ಆಡುವವರು)
ಪಾಲಿಶ್ ಪೇಪರ್ ಕೆಳಗಿಡ್ರಿ ಮೊದಲು. ಹೊಲಸಿನಿಂದ ಕೆಟ್ಟ ಸ್ಟಿಕ್‌ಗಿಂತ ತಿಕ್ಕಿ ತಿಕ್ಕಿ ಕೆಟ್ಟ ಸ್ಟಿಕ್ಕೇ ಜಾಸ್ತಿ. ಪೂಲ್ ಶಾಫ್ಟ್ (ಸ್ಟಿಕ್ಕಿನ ಮುಂದಿನ ತೆಳು ಭಾಗ) ತುದಿ ಸಾಮಾನ್ಯವಾಗಿ 12.5ರಿಂದ 13 ಮಿ.ಮೀ. ಇರ್ತದ, ಸ್ನೂಕರ್‌ದು 9.5ರ ಆಸುಪಾಸು. ಇಷ್ಟರಾಗ 0.1 ಮಿ.ಮೀ. ಹೋದರೂ ಕೈಗೆ ತಿಳೀತದ. ಹಿತ್ತಾಳಿ ಫೆರೂಲ್ ಅಷ್ಟು ಬೇಗ ಸವಿಯಂಗಿಲ್ಲ, ಅದರ ಹಿಂದಿನ ಕಟಗಿ ಸವೀತದ. ಕಡೀಕ ಫೆರೂಲ್ ದಾಟಿದ ಕೂಡಲೇ ಬೆರಳಿಗೆ ಮೆಟ್ಟಲು ಸಿಗ್ತದ. ಹೋದ ಕಟಗಿ ತಿರುಗಿ ಬರಂಗಿಲ್ಲ.

ಆ ನೀಲಿ-ಕಪ್ಪು ಏನಂದ್ರ, ಚಾಕ್, ಬೆವರು, ಕೈಯ ಜಿಡ್ಡು ಮೂರೂ ಕೂಡಿದ್ದು. ನಾವು ಚಾಕ್ ಅಂತೀವಿ ಖರೇ, ಆದರ ಅದು ಶಾಲಿ ಸೀಮೆಸುಣ್ಣ ಅಲ್ಲ. 1897ರಾಗ ಅಮೆರಿಕದಾಗ ಪೇಟೆಂಟ್ ಆದ ಮಿಶ್ರಣದ ಕಾಲದಿಂದ ಇದರಾಗ ಇರೋದು ಸಿಲಿಕಾ ಮತ್ತ ಅಲ್ಯೂಮಿನಿಯಂ ಆಕ್ಸೈಡ್, ಅಂದ್ರ ಪಾಲಿಶ್ ಪೇಪರ್‌ನ್ಯಾಗ ಇರುವಂಥದ್ದೇ ಗಟ್ಟಿ ಪುಡಿ. ಅದಕ್ಕ ನೇರ ಹಸಿ ಅರಬಿ ಹಾಕಿ ತಿಕ್ಕಿದರ ಆ ಪುಡಿ ಕೆಸರಾಗಿ ಕಟಗಿ ಸಂದಿಯೊಳಗ ಇಳೀತದ. ಕ್ರಮ ಹಿಂಗ್ರಿ:

ಮೊದಲು ಒಣ ಮೈಕ್ರೋಫೈಬರ್ ಅರಬಿಲಿಂದ ಬಟ್ (ಹಿಂದಿನ ದಪ್ಪ ಭಾಗ) ಕಡಿಂದ ಟಿಪ್ ಕಡೆ ಎಳೀರಿ, ಹೋಗಿ ಬಂದು ಮಾಡಬ್ಯಾಡ್ರಿ. ಪುಡಿ ಎಲ್ಲಾ ಹೋದ ಮ್ಯಾಲೆ ಇನ್ನೊಂದು ಅರಬಿ ನೀರಾಗ ಎದ್ದಿ, ಹಿಂಡಿದರ ಒಂದು ಹನಿನೂ ಬೀಳದಷ್ಟು ಹಿಂಡ್ರಿ. ಒಂದು ಸಲಕ್ಕ ಒಂದು ಗೇಣು ಅಷ್ಟೇ, ಎರಡೇ ಎಳತ, ಅಲ್ಲೇ ಒಣ ಅರಬಿಲಿಂದ ಒರಸಬೇಕು. ಮುಂದ ಚಪ್ಪಲಿ ಹೊಲಿಯುವವರ ಹತ್ರ ಸಿಗುವ ಚರ್ಮದ ತುಂಡು, ಇಲ್ಲಾ ಶುದ್ಧ ಖಾಕಿ ಕಾಗದ ಸುತ್ತಿ, ಕೈಗೆ ಬಿಸಿ ಹತ್ತುವ ತನಕ ಜೋರಾಗಿ ತಿಕ್ಕ್ರಿ. ನೀರಿಗೆ ಎದ್ದ ಕಟಗಿ ಎಳಿ ಆ ಬಿಸಿಗೆ ಕೂಡ್ತಾವ. ಹತ್ತು ಹದಿನೈದು ನಿಮಿಷ ಬಿಟ್ಟು ಆಡ್ರಿ. ತಿಂಗಳಿಗೊಮ್ಮೆ ಇಷ್ಟು ಸಾಕು. ದಿನಾ ಆಟ ಮುಗಿದ ಮ್ಯಾಲೆ ಒಣ ಅರಬಿ ಎಳದರ ಈ ಕೆಲಸ ತಿಂಗಳಿಗೂ ಬರಂಗಿಲ್ಲ.

ಉತ್ತರ, ಬೀದರ್
ಮೇಪಲ್‌ಗೆ ಇದು ಸರಿ. ಆಶ್‌ಗೆ ನನ್ನ ತಕರಾರಿದೆ. ಮೇಪಲ್ ಎಳೆ ಒತ್ತಾಗಿರುತ್ತದೆ, ಜೊತೆಗೆ ಕಾರ್ಖಾನೆಯಲ್ಲೇ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹಚ್ಚಿರುತ್ತಾರೆ. ಆಶ್ ತೆರೆದ ರಂಧ್ರಗಳ ಮರ, ನೀವು ನೋಡುವ ಆ ಬಾಣದ ಗುರುತುಗಳ ಗೆರೆಯುದ್ದಕ್ಕೂ ಸಣ್ಣ ಕಾಲುವೆಗಳಿರುತ್ತವೆ. ನೀರು ಒಳಗಿಳಿದರೆ ಎಳೆ ಎದ್ದು ತರಿತರಿ ಆಗುತ್ತದೆ. ತರಿತರಿ ಆಯಿತೆಂದು ಜನ ಮತ್ತೆ ಪಾಲಿಶ್ ಪೇಪರ್ ಹಿಡಿಯುತ್ತಾರೆ. ಆಶ್‌ಗೆ ಒಣ ಒರೆಸು, ಆಮೇಲೆ ಚರ್ಮದ ಉಜ್ಜು. ತೀರಾ ಹೋಗದ ಕಲೆಗೆ ಮಾತ್ರ ತೇವ, ಅದೂ ಆ ಜಾಗಕ್ಕಷ್ಟೇ. ಬಾಣದ ಗೆರೆಯೊಳಗಿನ ಕಪ್ಪು ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆಟಕ್ಕೆ ಅಡ್ಡ ಬರುವುದು ಮೇಲಿನ ಅಂಟು ಮಾತ್ರ.

ಅಂಗಡಿಯಲ್ಲಿ ಸಿಗುವ ಬಿಳಿ ಮ್ಯಾಜಿಕ್ ಸ್ಪಂಜ್ ಕೂಡ ಅತಿ ನುಣುಪಾದ ಪಾಲಿಶ್ ಪೇಪರ್ ಇದ್ದ ಹಾಗೆಯೇ. ನಿರುಪದ್ರವಿ ಅಂದುಕೊಂಡು ವಾರ ವಾರ ಬಳಸಬೇಡಿ.

ಮತ್ತೆ ಪ್ರಶ್ನೆ ಕೇಳಿದವರು
ಸ್ಪಿರಿಟ್ ಹಚ್ಚಿದರ ನೀರಿಗಿಂತ ಬೇಗ ಒಣಗ್ತದ ಅಲ್ಲೇನ್ರಿ? ಪೌಡರ್ ಮಾತು ಯಾರೂ ಹೇಳಲಿಲ್ಲ.

ಉತ್ತರ, ಕಲಬುರಗಿ (ಮೊದಲಿನವರೇ)
ಸ್ಪಿರಿಟ್ ಬೇಗ ಹಾರ್ತದ, ಜಿಡ್ಡು ತಗೀತದ, ಖರೇ. ಆದರ ಹಾರುವಾಗ ಸೀಲರ್‌ನೂ ಮೆತ್ತಗ ಮಾಡಬಹುದು, ಷೆಲಾಕ್ ಪಾಲಿಶ್ ಇದ್ದರ ಕರಗಿಸೇ ಬಿಡ್ತದ. ಬಟ್ ಕಡೆ, ಹೆಸರು ಬರೆದ ಚಿಹ್ನೆ ಕಡೆ ಒಯ್ಯಲೇಬ್ಯಾಡ್ರಿ. ಕಾರ್ಬನ್ ಫೈಬರ್ ಶಾಫ್ಟ್ ಇದ್ದವರು ಮಾತ್ರ ಬಿಂದಾಸ್ ಸ್ಪಿರಿಟ್ ಒರಸ್ರಿ, ಅವರಿಗೆ ಬ್ಯಾರೆ ಏನೂ ಬೇಕಾಗಿಲ್ಲ.

ಪೌಡರ್ ಬೆವರಿನ ಸಂಗಟ ಕೂಡಿ ಹಿಟ್ಟಾಗ್ತದ, ನಿಮ್ಮ ಅಂಟಿನ ಅರ್ಧ ಕಾರಣ ಅದೇ ಇರಬೇಕು. ಟೇಬಲ್ ಬಟ್ಟೆನೂ ಕೆಡ್ತದ. ಮೂರು ಬೆರಳಿನ ಗ್ಲೌಸ್ ಹಾಕ್ರಿ. ಗ್ಲೌಸ್ ಬ್ಯಾಡ ಅಂದ್ರ ಎರಡು ಫ್ರೇಮಿಗೊಮ್ಮೆ ಸಾಬೂನಿಲಿಂದ ಕೈ ತೊಳೀರಿ. ಮಿರ್ಚಿ ಭಜಿ ತಿಂದ ಕೈಯ ಬಗ್ಗೆ ಹೇಳೋದೇ ಬ್ಯಾಡ, ನಮ್ಮ ಊರಿನ ಪಾರ್ಲರ್ ಸ್ಟಿಕ್‌ಗಳ ಬಣ್ಣ ಎಲ್ಲರೂ ನೋಡ್ಯಾರ.

ಉತ್ತರ, ಶಹಾಪುರ, ಯಾದಗಿರಿ ಜಿಲ್ಲೆ (ಕಟಗಿ ಕೆಲಸದವರು)
ಎಣ್ಣಿ ಬಗ್ಗೆ ನಾನು ಹೇಳ್ತೀನ್ರಿ. ಕೊಬ್ಬರಿ ಎಣ್ಣಿ ಒಣಗುವ ಎಣ್ಣಿ ಅಲ್ಲ, ಶೇಂಗಾ ಎಣ್ಣಿನೂ ಅಲ್ಲ. ತಿಂಗಳಾದರೂ ಮ್ಯಾಲೆ ಹಸೀನೇ ಇದ್ದು ಧೂಳು, ಚಾಕ್ ಹಿಡೀತಾವ. ಕುಸುಬಿ ಎಣ್ಣಿ ಒಣಗ್ತದ, ಆದರ ಬಾಳ ನಿಧಾನ, ಅಲ್ಲಿತನಕ ಅಂಟು. ಕ್ಯೂಗೆ (ಅಂದ್ರ ಸ್ಟಿಕ್‌ಗೆ) ಬೇಕಾದ್ದು ಅಗಸಿ ಎಣ್ಣಿ. ಅದರಾಗೂ ಗಾಣದ್ದು ಅಡಗಿಗೆ ಚೊಲೋ, ಕಟಗಿಗೆ ಒಣಗಲಿಕ್ಕೆ ಹಲವು ದಿನ ಹಿಡೀತದ. ಬಣ್ಣದ ಅಂಗಡಿಯಾಗ ಬಾಯ್ಲ್ಡ್ ಲಿನ್‌ಸೀಡ್ ಅಂತ ಕೇಳ್ರಿ, ಅದರಾಗ ಬೇಗ ಒಣಗಿಸುವ ಡ್ರೈಯರ್ ಕೂಡಿಸಿರ್ತಾರ, ಸುಮಾರು ಒಂದು ದಿನಕ್ಕ ಒಣಗ್ತದ.

ಅಳತಿ: ಸ್ನೂಕರ್ ಕ್ಯೂ ಪೂರ್ತಿಗೆ ಅರ್ಧ ಚಮಚಾ ಮ್ಯಾಲೆ ಬ್ಯಾಡ. ಶಾಫ್ಟ್ ಸ್ವಚ್ಛ ಆದ ಮ್ಯಾಲೇನೇ ಹಚ್ಚಬೇಕು, ಇಲ್ಲಾಂದ್ರ ಹೊಲಸು ಒಳಗೇ ಕೂಡ್ತದ. ತೆಳ್ಳಗ ತಿಕ್ಕಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕುಡೀದೆ ಉಳಿದದ್ದು ಎಲ್ಲಾ ಒರಸಿ ತಗೀರಿ. ಇದನ್ನ ಬಿಟ್ಟವರ ಸ್ಟಿಕ್ಕೇ ಗೋಂದಿನಂಗ ಆಗೋದು. ರಾತ್ರಿ ಇಟ್ಟು ಮರುದಿನ ಒಣ ಅರಬಿಲಿಂದ ಹೊಳಪು ಕೊಡ್ರಿ. ಟಿಪ್‌ಗೆ, ಜಾಯಿಂಟ್‌ಗೆ ಎಣ್ಣಿ ತಾಗಬಾರದು. ವರ್ಷಕ್ಕ ಒಂದು, ಎರಡು ಸಲ ಸಾಕು. ನಿಮ್ಮ ಪೂಲ್ ಸ್ಟಿಕ್‌ಗೆ ಇದು ಬ್ಯಾಡವೇ ಬ್ಯಾಡ. ಅದರ ಬಟ್ ಮ್ಯಾಲೆ ಗಾಜಿನಂಥ ಲ್ಯಾಕರ್ ಇರ್ತದ, ಎಣ್ಣಿ ಒಳಗ ಹೋಗಂಗಿಲ್ಲ. ಶಾಫ್ಟ್‌ಗೆ ಬೇಕಂದ್ರ ಕಾರ್ನೂಬಾ ಮೇಣ ಬೆರಳ ತುದಿಯಷ್ಟು ಹಚ್ಚಿ ಪೂರ್ತಿ ಒರಸ್ರಿ.

ಒಂದು ಮಾತು ಗಟ್ಟಿ ನೆನಪಿಡ್ರಿ. ಅಗಸಿ ಎಣ್ಣಿ ಒಣಗುವಾಗ ಗಾಳಿ ಸಂಗಟ ಕೂಡಿ ಬಿಸಿ ಹುಟ್ಟಸ್ತದ. ಎಣ್ಣಿ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗದರ ಆ ಬಿಸಿ ಹೊರಗ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಒಂದೊಂದೇ ಹಗ್ಗಕ್ಕ ಹಾಕಿ ಒಣಗಸ್ರಿ, ಇಲ್ಲಾ ನೀರಾಗ ನೆನಸಿ ಆಮ್ಯಾಲೆ ಕಸಕ್ಕ ಹಾಕ್ರಿ. ಬ್ಯಾಸಗಿ ತಗಡಿನ ಕೋಣ್ಯಾಗ ಇದು ತಮಾಷೆ ಅಲ್ಲ.

ಉತ್ತರ, ಕಲಬುರಗಿ (ಟಿಪ್ ಹಾಕುವವರು)
ಮಿಸ್‌ಕ್ಯೂಗೆ ಚಾಕ್ ಕಾರಣ ಇರಲಿಕ್ಕಿಲ್ಲ ಅಣ್ಣಾ. ಟಿಪ್ ಮ್ಯಾಲೆ ಬೆಳಕು ಹಿಡಿದು ನೋಡ್ರಿ. ಹೊಳೀತದ ಅಂದ್ರ ಚರ್ಮ ಒತ್ತಿ ಗಾಜಾಗ್ಯಾದ, ಚಾಕ್ ಅದರ ಮ್ಯಾಲೆ ನಿಲ್ಲಂಗಿಲ್ಲ. ಸ್ಕಫರ್ (ಟಿಪ್ ತರಿತರಿ ಮಾಡುವ ಸಾಧನ) ಇಟ್ಟು ಹಗುರ ಎರಡು ಮೂರು ಸಲ ಒತ್ತಿ ತಿರುಗಸ್ರಿ, ತಿಕ್ಕಿ ಸವಸಬ್ಯಾಡ್ರಿ. ಸ್ಕಫರ್ ಇಲ್ಲಾಂದ್ರ 120 ನಂಬರ್ ಪಾಲಿಶ್ ಪೇಪರ್ ತುಂಡು ಟಿಪ್‌ಗೆ ಒತ್ತಿದರೂ ನಡೀತದ. ಪೇಪರ್ ಏನಿದ್ದರೂ ತುದಿಗೆ ಅಷ್ಟೇ, ಬದಿಯ ಕಟಗಿಗೆ ಬ್ಯಾಡ.

ಆಮ್ಯಾಲೆ ಆಕಾರ. 2011ರ ನಂತರದ ಒಂದು ರೂಪಾಯಿ ನಾಣ್ಯ ತಗೋರಿ, ವ್ಯಾಸ 20–22 ಮಿ.ಮೀ. ಇರ್ತದ. ಪೂಲ್ ಟಿಪ್‌ನ ಗುಮ್ಮಟ ಆ ಅಂಚಿನ ಬಾಗಕ್ಕ ಕೂಡಬೇಕು. ಸಪಾಟಾಗಿದ್ದರ ಬದಿಗೆ ಹೊಡೆದಾಗ ಚರ್ಮದ ಅಂಚು ಬಾಲ್‌ಗೆ ತಾಗಿ ಜಾರ್ತದ. ಟಿಪ್ ಫೆರೂಲ್ ಹೊರಗ ಅಣಬೆಯಂಗ ಹರಡಿದ್ದರ ಆ ಹೊರಗಿನ ಭಾಗ ಬ್ಲೇಡಿಲಿಂದ ತಗೀರಿ. ಬದಿಯಾಗ ಚರ್ಮ 2 ಮಿ.ಮೀ.ಗಿಂತ ಕಡಿಮಿ ಉಳದಿದ್ದರ ಇಷ್ಟೆಲ್ಲಾ ಬಿಡ್ರಿ, ಹೊಸದು ಹಾಕ್ರಿ.

ಹಾಕುವಾಗ ಕೆಡೋದು ಒಂದೇ ಜಾಗದಾಗ: ತಳ. ಹಳೆ ಟಿಪ್ ಬ್ಲೇಡಿಲಿಂದ ಕೆತ್ತಿ ತಗದ ಮ್ಯಾಲೆ ಫೆರೂಲ್ ಮುಖದಾಗ ಹಳೆ ಅಂಟಿನ ಚೂರೂ ಇರಬಾರದು. 240 ಪೇಪರ್ ಸಪಾಟ್ ಕಲ್ಲಿನ ಮ್ಯಾಲಿಟ್ಟು ಕ್ಯೂ ನೆಟ್ಟಗ ನಿಲ್ಲಿಸಿ ತಿಕ್ಕ್ರಿ. ಕೈ ಓಲಾಡಿದರ ಅಂಚು ದುಂಡಗಾಗಿ ಸಂದಿ ಬೀಳ್ತದ, ಟಿಪ್ ಹಾರೋದು ಆ ಸಂದಿಯಿಂದಲೇ. ಟಿಪ್ ತಳನೂ ಹಂಗೇ ತಿಕ್ಕ್ರಿ. ಫೆರೂಲ್‌ಗಿಂತ ಅರ್ಧ ಮಿ.ಮೀ.ನಷ್ಟು ದೊಡ್ಡ ಟಿಪ್ ತಗೋರಿ, 9.5ಕ್ಕ 10. ಅಂಟು (ಸೂಪರ್ ಗ್ಲೂ) ಜೆಲ್ ಇರುವಂಥದ್ದು ಚೊಲೋ, ನೀರಿನಂಥದ್ದು ಚರ್ಮ ಕುಡೀತದ, ಆಗ ತಳ ಕಲ್ಲಾಗ್ತದ. ಒಂದು ಹನಿ, ಒಂದು ನಿಮಿಷ ನೆಟ್ಟಗ ಒತ್ತಿ, ಹೊರಗ ಬಂದದ್ದು ತಕ್ಷಣ ಒರಸಿ, ರಾತ್ರಿ ಬಿಡ್ರಿ.

ಮರುದಿನ ಫೆರೂಲ್‌ಗೆ ಎರಡು ಸುತ್ತು ಟೇಪ್ ಸುತ್ತಿ, ಟಿಪ್ ಕೆಳಗ ಮಾಡಿ ಕಟಗಿ ಹಲಗಿ ಮ್ಯಾಲೆ ಒತ್ತಿ, ಹೊಸ ಬ್ಲೇಡಿಲಿಂದ ಫೆರೂಲ್ ಕಡಿಂದ ಹಲಗಿ ಕಡೆ ಕೆತ್ತ್ರಿ. ಬದಿಗೆ ಚೂರು ನೀರು ಹಚ್ಚಿ ಚರ್ಮದ ತುಂಡಿಲಿಂದ ತಿಕ್ಕಿದರ ಗಟ್ಟಿಯಾಗಿ ಅಣಬೆ ಹರಡೋದು ತಡ ಆಗ್ತದ. ಎಲ್ಕ್ ಮಾಸ್ಟರ್‌ನಂಥ ಒಂದೇ ಪದರಿನ ಮೆತ್ತನ್ನ ಟಿಪ್ ಆದರ ಮೊದಲ ಕೆಲವು ಫ್ರೇಮಿಗೆ ಒತ್ತಿಕೊಂಡು ಕೆಳಗ ಇಳೀತದ, ಮತ್ತೊಮ್ಮೆ ಆಕಾರ ಕೊಡಬೇಕು. ಪದರು ಪದರು ಇರುವಂಥದ್ದು ಅಷ್ಟು ಇಳಿಯಂಗಿಲ್ಲ.

ಮತ್ತ ಚಾಕ್ ತೂತು ಕೊರದಂಗ ತಿರುವಬ್ಯಾಡ್ರಿ. ಚಾಕ್‌ನ ತಗ್ಗಿನ ಅಂಚು ಫೆರೂಲ್ ಉಜ್ಜಿ ಬಣ್ಣ ಅಲ್ಲೇ ಹತ್ತೋದು. ಟಿಪ್ ಮ್ಯಾಲೆ ಬ್ರಷ್ ಆಡಿಸಿದಂಗ ಹಚ್ಚ್ರಿ.

ಉತ್ತರ, ಬೀದರ್
ಬಿಸಿಲಿನ ಮಾತು. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳು 42 ಡಿಗ್ರಿ ದಾಟುವುದು ಹೊಸದಲ್ಲ, ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅದಕ್ಕಿಂತಲೂ ಹೆಚ್ಚು. ಆದರೆ ಬಿಸಿಗಿಂತ ಏರುಪೇರು ಕೆಟ್ಟದ್ದು. ಒಣ ಡಿಕ್ಕಿಯಿಂದ ತೆಗೆದು ನೇರವಾಗಿ ಕೂಲರ್ ಗಾಳಿಯ ಎದುರು ಇಟ್ಟರೆ, ಕೂಲರ್ ಬಿಡುವ ತೇವವನ್ನು ಮರ ಒಂದೇ ಬದಿಯಿಂದ ಕುಡಿದು ಬಾಗುತ್ತದೆ. ಎಷ್ಟೋ ಕಡೆ ರ‍್ಯಾಕ್ ಇರುವುದೇ ಕೂಲರ್ ಪಕ್ಕದಲ್ಲಿ, ಮೊದಲು ಅದನ್ನು ಸರಿಸಬೇಕು. ಗೋಡೆಗೆ ಓರೆಯಾಗಿ ಒರಗಿಸುವುದೂ ಬೇಡ. ನೆಟ್ಟಗೆ ನಿಲ್ಲಿಸಿ, ಅಥವಾ ಉದ್ದಕ್ಕೂ ಆಧಾರ ಸಿಗುವಂತೆ ಮಲಗಿಸಿ. ಗಟ್ಟಿ ಕೇಸ್ ಇದ್ದರೆ ಒಳ್ಳೆಯದು, ಬೆವರಿದ ಸ್ಟಿಕ್ ಮಾತ್ರ ಒರೆಸದೆ ಒಳಗೆ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣ ಮಳೆಗಾಲಕ್ಕೆ ಸರಿ, ಬೇಸಿಗೆಯಲ್ಲಿ ತೆಗೆದುಬಿಡಿ. ಇಲ್ಲಿ ಆಗ ಗಾಳಿಯೇ ಸಾಕಷ್ಟು ಒಣಗಿರುತ್ತದೆ.

ಬಾಗಿದೆಯೋ ನೋಡಲು ಟೇಬಲ್ ಮೇಲೆ ಉರುಳಿಸುವುದನ್ನು ಪೂರ್ತಿ ನಂಬಬೇಡಿ, ಜಾಯಿಂಟ್‌ನಲ್ಲಿ ಧೂಳಿದ್ದರೂ ಕುಣಿಯುತ್ತದೆ. ಬಟ್ ಕಣ್ಣಿನ ಹತ್ತಿರ ಹಿಡಿದು ಟಿಪ್ ಕಡೆ ನೋಡುತ್ತಾ ನಿಧಾನವಾಗಿ ತಿರುಗಿಸಿ. ಎರಡು ತುಂಡುಗಳನ್ನೂ ಬಿಚ್ಚಿ ಬೇರೆ ಬೇರೆ ನೋಡಿ.

ಮತ್ತೆ ಪ್ರಶ್ನೆ ಕೇಳಿದವರು
ಟಿಪ್ ಖರೇನೇ ಹೊಳೀತದ್ರಿ, ಪೇಪರ್ ಒತ್ತಿದ ಮ್ಯಾಲೆ ಚಾಕ್ ನಿಲ್ಲಲಿಕತ್ತದ. ಇನ್ನೊಂದು. ಸ್ನೂಕರ್ ಸ್ಟಿಕ್ ಹೊಡೆದಾಗ ಸಣ್ಣಗ ಟಕ್ ಅಂತದ. ಇದು ಎಲ್ಲಿಂದ?

ಉತ್ತರ, ಕಲಬುರಗಿ (ಟಿಪ್ ಹಾಕುವವರು)
ಈ ಸ್ಟಿಕ್ಕಿಗೂ ಜಾಯಿಂಟ್ ಇದ್ದರ ಮೊದಲು ಅದನ್ನ ಬಿಚ್ಚಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಹಿತ್ತಾಳಿ ಸ್ಕ್ರೂ ಒಣದೇ ತಿಕ್ಕ್ರಿ, ಕೈಬಿಗಿ ಮಾಡಿ ಹೊಡೆದು ನೋಡ್ರಿ. ಟಕ್ ನಿಂತರ ಆಯ್ತು. ನಿಲ್ಲದಿದ್ದರ ಫೆರೂಲ್ ಎರಡು ಬೆರಳಿನಾಗ ಹಿಡಿದು ತಿರುವ್ರಿ. ಬ್ಯಾಸಗಿಗೆ ಕಟಗಿ ಒಣಗಿ ಕುಗ್ಗಿದಾಗ ಹಿತ್ತಾಳಿ ಸಡಿಲ ಆಗ್ತದ. ಕೂದಲೆಳಿಯಷ್ಟು ತಿರುಗಿದರೂ ಶಬ್ದ ಅಲ್ಲಿಂದಲೇ. ಹೊರಗಿಂದ ಅಂಟು ಹನಿಸಬ್ಯಾಡ್ರಿ, ಅದು ಒಳಗ ಇಳೀದೆ ಕಟಗಿ ಮ್ಯಾಲೆ ಕಲೆ ಕೂಡ್ತದ. ಫೆರೂಲ್ ಪೂರ್ತಿ ತಗದು, ಒಳಗಿನ ಹಳೆ ಅಂಟು ಕೆತ್ತಿ, ಎರಡು ಟ್ಯೂಬ್ ಕೂಡಿಸುವ ಎಪಾಕ್ಸಿ ಹಚ್ಚಿ ಒಂದು ದಿನ ಬಿಡಬೇಕು. ಹಿತ್ತಾಳಿ ಹೊಳಪಿನ ಲಿಕ್ವಿಡ್ ಹಚ್ಚುವ ಆಸೆ ಇದ್ದರ ಕಟಗಿಗೆ ಮೊದಲು ಟೇಪ್ ಸುತ್ತ್ರಿ, ಆಶ್ ಅದನ್ನ ಕುಡಿದರ ಕಪ್ಪು ಉಂಗುರ ಹೋಗಂಗಿಲ್ಲ.