ಸಹಾಯ ಬೇಕು: ಬೈಕ್ ಚಕ್ರದ ಬೇರಿಂಗಿನ ಹೊರ ರಿಂಗ್ ಹಬ್ಬಿನಲ್ಲೇ (ಚಕ್ರದ ನಡುಭಾಗ) ಸಿಕ್ಕಿಕೊಂಡಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ನನ್ನ 100 ಸಿಸಿ ಬೈಕಿನ ಮುಂದಿನ ಚಕ್ರ ಹದಿನೈದು ದಿನದಿಂದ ಗೊರಗೊರ ಸದ್ದು ಮಾಡುತ್ತಿತ್ತು. ಡಬಲ್ ಸ್ಟ್ಯಾಂಡ್ ಹಾಕಿ ಅಲುಗಾಡಿಸಿದರೆ ಚಕ್ರದಲ್ಲಿ ಪ್ಲೇ (ಸಡಿಲ) ಇತ್ತು. ಬಿಚ್ಚಿದಾಗ ಗ್ರೀಸ್ ಬದಲು ತುಕ್ಕಿನ ನೀರು ಇಳಿಯಿತು. ಮಳೆಗಾಲದಲ್ಲಿ ದಿನಾ ಹಳ್ಳ ದಾಟುತ್ತೇನೆ, ಅದೇ ಕಾರಣ ಇರಬೇಕು.

ಬ್ರೇಕ್ ಡ್ರಮ್ ಕಡೆಯ ಬೇರಿಂಗ್ ಸಲೀಸಾಗಿ ಬಂತು. ಇನ್ನೊಂದು ಕಡೆ ಹೊಡೆದಾಗ ಒಳ ರಿಂಗ್ ಮಾತ್ರ ಕಿತ್ತು ಬಂತು. ಗುಂಡುಗಳೆಲ್ಲ ಉದುರಿದವು. ಹೊರ ರಿಂಗ್ ಒಳಗೇ ಕೂತಿದೆ. ಹಬ್ಬಿನ ಅಂಚಿಗೆ ಎಷ್ಟು ಸಮ ಇದೆ ಅಂದರೆ, ಹಿಂದಿನಿಂದ ಉಳಿ ತಾಗಿಸಲು ಉಗುರಿನಷ್ಟೂ ಜಾಗ ಇಲ್ಲ. ಸುಮ್ನೆ ಜಾಸ್ತಿ ಹೊಡೆದರೆ ಅಲ್ಯುಮಿನಿಯಂ ಹಬ್ ಸೀಳುತ್ತದೆ ಅಂತ ಭಯ.

ಕಬ್ಬಿಣಕ್ಕಿಂತ ಅಲ್ಯುಮಿನಿಯಂ ಜಾಸ್ತಿ ಹಿಗ್ಗುತ್ತದೆ ಅಲ್ವಾ, ಕುದಿಯುವ ನೀರು ಹೊಯ್ದರೆ ಸಾಕಾಗುತ್ತದಾ? ಇಲ್ಲವಾದರೆ, ರಿಂಗಿನ ಒಳಮೈಗೆ ವೆಲ್ಡಿಂಗ್ ಗೆರೆ ಹಾಕಿಸಿದರೆ ಆರುವಾಗ ಕುಗ್ಗಿ ಸಡಿಲ ಆಗುತ್ತದೆ ಅನ್ನುತ್ತಾರೆ. ಯಾರಾದರೂ ಮಾಡಿಸಿದ್ದೀರಾ?

ಹೊಸ 6301 ನಂಬರಿನ ಬೇರಿಂಗ್ ಎರಡು ತಂದಿದ್ದೇನೆ, ಎರಡೂ ಬದಿ ರಬ್ಬರ್ ಸೀಲ್ ಇರುವುದು. ಕೂರಿಸುವಾಗ ಹೊರ ರಿಂಗಿಗೆ ಮಾತ್ರ ಏಟು ಬೀಳಬೇಕು ಅಂತ ಗೊತ್ತು. ಆದರೆ ಎರಡನೆಯದನ್ನು ನಡುವಿನ ಸ್ಪೇಸರ್ ಕೊಳವೆಗೆ ತಾಗಿದ ಕೂಡಲೇ ನಿಲ್ಲಿಸಬೇಕಾ? ಬಿಗಿ ಜಾಸ್ತಿಯಾಗಿ ಹೊಸದೂ ಹಾಳಾಗಬಾರದು.

ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ. ಬೆಳಗ್ಗೆ ಡೈರಿಗೆ ಹಾಲು ಹಾಕಲು ನನಗಿರುವುದು ಇದೊಂದೇ ಗಾಡಿ.